ಬೆಕ್ಕಿನ ಉಚ್ಚಿ ಕಟ್ಟಿದಾಗ

ರಾಯಬಾಗ, ಅಥಣಿ ಕಡೆ ಟಗರು ಕಟ್ಟಿದವರಿಗೆ ಒಂದು ಅಂಜಿಕೆ ಚೆನ್ನಾಗಿ ಗೊತ್ತು. ಕಾಳಗಕ್ಕೆಂದು ಗೋವಿನಜೋಳ, ಹಿಂಡಿ, ಗೋದಿ ಬೂಸಾ ತಿನ್ನಿಸಿ ಬೆಳೆಸಿದ ಟಗರು ಒಂದು ಮುಂಜಾನೆ ಮೇವಿನಿಂದ ಮುಖ ತಿರುಗಿಸುತ್ತದೆ. ಹಿಂಗಾಲು ಅಗಲಿಸಿ, ಬೆನ್ನು ಬಗ್ಗಿಸಿ ನಿಲ್ಲುತ್ತದೆ, ಬಾಲ ಅದುರುತ್ತದೆ, ಕಾಲಡಿಯ ನೆಲ ಮಾತ್ರ ಒಣಗಿಯೇ ಇರುತ್ತದೆ. 'ಉಚ್ಚಿ ಕಟ್ಟೇತಿ' ಎಂಬ ಒಂದೇ ಮಾತಿಗೆ ದನದ ಡಾಕ್ಟರಿಗೆ ಫೋನು ಹೋಗುತ್ತದೆ. ತಡ ಮಾಡಿದರೆ ಟಗರು ಉಳಿಯುವುದಿಲ್ಲ ಎಂಬುದು ಕಣ್ಣಾರೆ ಕಂಡು ಗೊತ್ತಾದ ಸಂಗತಿ. ಅದೇ ಮನೆಯ ಪಡಸಾಲೆಯಲ್ಲಿ ಗಂಡು ಬೆಕ್ಕೊಂದು ಮೂಲೆಯಿಂದ ಮೂಲೆಗೆ ಹೋಗಿ ಕುಕ್ಕರಗಾಲಲ್ಲಿ ಕೂತು, ತಿಣುಕಿ, ಏನೂ ಬಾರದೆ ಎದ್ದು, ಬಾಲದಡಿ ನೆಕ್ಕಿಕೊಳ್ಳುತ್ತಿದ್ದರೆ ಮಾತಿನ ಧಾಟಿಯೇ ಬೇರೆ. 'ಹೊಟ್ಟಿ ಕಟ್ಟಿರಬೇಕು, ನಾಳಿಗೆ ಸರಿ ಹೋಗತೈತಿ' ಎಂದು ಒಂದು ಚಮಚ ಔಡಲೆಣ್ಣೆ ಕುಡಿಸಿ ಬಿಡುತ್ತಾರೆ. ಎರಡೂ ಪ್ರಾಣಿಗೆ ಆಗಿರುವುದು ಒಂದೇ; ಕಾಯುವ ತಾಳ್ಮೆಯಷ್ಟೇ ಬೇರೆ. ಬೆಕ್ಕಿನ ಮೂತ್ರದಲ್ಲಿ ಹರಳು ಎಂಬ ಮಾತು ಈಗ ಪಟ್ಟಣಗಳಿಂದ ಹಳ್ಳಿಗಳಿಗೂ ಇಳಿದಿದೆ. ಆದರೆ ಆ ಮಾತು ನಮ್ಮನ್ನು ಹರಳಿನ ಬೆನ್ನು ಹತ್ತಿಸಿದೆಯೇ ಹೊರತು, ಹಿಡಿಯಬೇಕಾದ ಎರಡು ಲೆಕ್ಕಗಳನ್ನು ಮರೆಸಿದೆ. ಒಂದು ತಾಸಿನ ಲೆಕ್ಕ, ಇನ್ನೊಂದು ನೀರಿನ ಲೆಕ್ಕ.

ಈ ಕಡೆಯ ಮುಗಳಖೋಡದಂಥ ಊರಿನಲ್ಲಿ ಬೆಕ್ಕು ಸಾಕುವ ರೀತಿಯೇ ಬದಲಾಗುತ್ತಿದೆ ಎಂಬುದನ್ನು ಮೊದಲು ಗಮನಿಸಬೇಕು. ಕಬ್ಬಿನ ಸೀಮೆ ಇದು, ಇಲಿಗಳ ಸೀಮೆಯೂ ಹೌದು. ಜೋಳದ ಚೀಲ ಕಾಯಲೆಂದೇ ಬೆಕ್ಕು ಮನೆಯಲ್ಲಿರುತ್ತಿತ್ತು. ಅದಕ್ಕೆ ಇಕ್ಕುತ್ತಿದ್ದದ್ದು ಹಾಲಲ್ಲಿ ಮುರಿದ ಒಂದು ತುಂಡು ರೊಟ್ಟಿ. ಉಳಿದದ್ದನ್ನು ಅದೇ ಹಿತ್ತಲಲ್ಲಿ, ಹೊಲದ ಬದುವಿನಲ್ಲಿ ದುಡಿದು ತಿನ್ನುತ್ತಿತ್ತು. ಈಗ ಆರ್‌ಸಿಸಿ ಮನೆ, ಬಾಗಿಲಿಗೆ ಜಾಳಿಗೆ, ಒಳಗೆ ಉದ್ದ ಕೂದಲಿನ ಪರ್ಷಿಯನ್ ಬೆಕ್ಕು, ತಾಲ್ಲೂಕು ಊರಿನ ಅಂಗಡಿಯಿಂದ ತಂದ ಒಣ ಕಾಳಿನಂಥ ಆಹಾರದ ಪಾಕೀಟು. ಹಳೆಯ ಬೆಕ್ಕು ಹೊರಗೆ ಮಣ್ಣಲ್ಲಿ ಉಚ್ಚಿ ಹೊಯ್ದು ಮುಚ್ಚಿ ಬರುತ್ತಿತ್ತು, ಯಾರೂ ನೋಡುತ್ತಿರಲಿಲ್ಲ. ಕಟ್ಟಿದರೂ ಯಾರಿಗೂ ತಿಳಿಯುತ್ತಿರಲಿಲ್ಲ. ಒಂದು ದಿನ ಕಾಣೆಯಾಗುತ್ತಿತ್ತು, ನಾಯಿ ಹಿಡಿದಿರಬೇಕು ಎಂದು ಮನೆಯವರು ಸುಮ್ಮನಾಗುತ್ತಿದ್ದರು. 'ಹಿಂದೆಲ್ಲ ಬೆಕ್ಕಿಗೆ ಈ ರೋಗ ಇರಲಿಲ್ಲ' ಎನ್ನುವವರಿಗೆ ಅರ್ಧ ಉತ್ತರ ಇಲ್ಲೇ ಇದೆ. ನೋಡದ್ದನ್ನು ಇರಲಿಲ್ಲ ಎನ್ನಲಾಗದು. ಸರ್ಕಾರವೂ ನೋಡಿಲ್ಲ ಬಿಡಿ: 2019ರ 20ನೇ ಜಾನುವಾರು ಗಣತಿಯಲ್ಲಿ ಆನೆ, ನಾಯಿ, ಮೊಲಗಳಿಗೂ ಲೆಕ್ಕವಿದೆ, ಬೆಕ್ಕಿಗಿಲ್ಲ. ಉತ್ತರದ ಇನ್ನರ್ಧ ಆಹಾರದಲ್ಲಿದೆ, ಅದಕ್ಕೆ ಮುಂದೆ ಬರೋಣ.

ಕಟ್ಟುವುದು ಬಹುಪಾಲು ಗಂಡಿಗೆ. ಹೆಣ್ಣು ಬೆಕ್ಕಿನ ಮೂತ್ರನಾಳ ಗಿಡ್ಡ, ಅಗಲ. ಹರಳಿದ್ದರೂ ಹೊರಗೆ ಬೀಳುತ್ತದೆ. ಗಂಡಿನದು ಉದ್ದ, ತುದಿಗೆ ಬಂದಂತೆ ಸಣ್ಣಗಾಗುತ್ತ ಬಂದು ಕೊನೆಗೆ ಒಂದು ಮಿಲಿಮೀಟರಿಗೂ ಕಡಿಮೆ. ಮನೆಯಲ್ಲಿ ಕೈಯಿಂದ ಹೊಸೆದ ಶಾವಿಗೆಯ ಎಳೆಯನ್ನು ನೆನಪಿಸಿಕೊಳ್ಳಿ, ಅಷ್ಟು ಸಣ್ಣ ದಾರಿ. ಟಗರಿನಲ್ಲೂ ಹೀಗೇ. ಅದರ ನಾಳದ ತುದಿಯಲ್ಲಿ ಹುಳುವಿನಂಥ ಒಂದು ಸಣ್ಣ ಬಾಲ ಇರುತ್ತದೆ, ಹರಳು ಸಿಕ್ಕುವುದು ಹೆಚ್ಚಾಗಿ ಅಲ್ಲೇ; ವೈದ್ಯರು ಎಷ್ಟೋ ಸಲ ಆ ತುದಿಯನ್ನೇ ಕತ್ತರಿಸಿ ದಾರಿ ಬಿಡಿಸುತ್ತಾರೆ. ಎತ್ತಿನಲ್ಲಿ ನಾಳ ಹಾವಿನ ಹಾಗೆ ಎರಡು ಸಲ ತಿರುಗುವ ಜಾಗದಲ್ಲಿ ಸಿಕ್ಕುತ್ತದೆ. ಬೆಕ್ಕಿನಲ್ಲಿ ಅಡ್ಡ ಬರುವುದು ಯಾವಾಗಲೂ ಕಲ್ಲೇ ಅಲ್ಲ ಎಂಬುದು ಮುಖ್ಯ ಮಾತು. ಹಲವು ಸಲ ಅದು ಟೂತ್‌ಪೇಸ್ಟಿನಂಥ ಒಂದು ಬೆಣೆ: ಉರಿಯೂತ ಬಂದ ಮೂತ್ರಚೀಲ ಒಸರಿಸಿದ ಲೋಳೆ, ಉದುರಿದ ಜೀವಕೋಶ, ರಕ್ತ, ಅದರೊಳಗೆ ಹೂತ ಮರಳಿನಂಥ ಸಣ್ಣ ಹರಳು. ಇನ್ನು ಕೆಲವು ಸಲ ಏನೂ ಇರುವುದಿಲ್ಲ. ಉರಿ ತಾಳದೆ ನಾಳದ ಸ್ನಾಯುವೇ ಸೆಟೆದು ಬಾಗಿಲು ಮುಚ್ಚಿಕೊಂಡಿರುತ್ತದೆ. ಬೀಜ ಒಡೆಸಿದ್ದರಿಂದ ನಾಳ ಸಣ್ಣಗಾಯಿತು ಎಂಬ ದೂರು ಮಾತ್ರ ನಿಲ್ಲುವುದಿಲ್ಲ. ಎಳೆಯದರಲ್ಲೇ ಬೀಜ ತೆಗೆದ ಬೆಕ್ಕುಗಳ ನಾಳವನ್ನು 1972ರಷ್ಟು ಹಿಂದೆಯೇ ಅಳೆದು ನೋಡಿದ್ದಾರೆ, ಅಗಲದಲ್ಲಿ ವ್ಯತ್ಯಾಸ ಕಾಣಲಿಲ್ಲ. ಬೀಜ ಒಡೆಸಿದ ಬೆಕ್ಕು ಮೈ ಬೆಳೆಸಿ, ಕೂತಲ್ಲೇ ಕೂತು, ನೀರಿಗೂ ಏಳದಂತಾಗುವುದು ನಿಜವಾದ ಅಪಾಯ. ಅದಕ್ಕೆ ಕತ್ತರಿ ಹೊಣೆಯಲ್ಲ, ತಟ್ಟೆ ಹೊಣೆ.

ಇನ್ನು ತಾಸಿನ ಲೆಕ್ಕ. ಬಾಗಿಲು ಮುಚ್ಚಿದರೂ ಮೂತ್ರಪಿಂಡ ಕೆಲಸ ನಿಲ್ಲಿಸುವುದಿಲ್ಲ. ನಾಲ್ಕು ಕಿಲೋ ಬೆಕ್ಕಿನಲ್ಲಿ ತಾಸಿಗೆ ನಾಲ್ಕಾರು ಮಿಲಿಲೀಟರಿನಂತೆ ಚೀಲ ತುಂಬುತ್ತಲೇ ಇರುತ್ತದೆ. ಮೊದಲು ಕಿಬ್ಬೊಟ್ಟೆಯಲ್ಲಿ ನಿಂಬೆಹಣ್ಣಿನಂತೆ, ಬರಬರುತ್ತ ಮೋಸಂಬಿಯಂತೆ ಗಟ್ಟಿ ಗುಂಡು ಕೈಗೆ ಸಿಗುತ್ತದೆ. ಅದನ್ನು ಅಮುಕಿ ಹಿಂಡಲು ಹೋಗಬಾರದು, ಚೀಲ ಒಡೆದೀತು. ಒತ್ತಡ ಹಿಂದಕ್ಕೆ ಸರಿದು ಮೂತ್ರಪಿಂಡವನ್ನು ಮುಟ್ಟಿದಾಗ ಸೋಸುವ ಕೆಲಸ ನಿಲ್ಲುತ್ತದೆ. ಹೊರಗೆ ಹೋಗಬೇಕಿದ್ದ ಯೂರಿಯಾ, ಕ್ರಿಯಾಟಿನಿನ್, ಎಲ್ಲಕ್ಕಿಂತ ಹೆಚ್ಚಾಗಿ ಪೊಟ್ಯಾಸಿಯಂ, ರಕ್ತದಲ್ಲೇ ಉಳಿಯುತ್ತವೆ. ಕೊಲ್ಲುವುದು ಈ ಪೊಟ್ಯಾಸಿಯಂ. ರಕ್ತದಲ್ಲಿ ಅದು ಲೀಟರಿಗೆ ನಾಲ್ಕೈದು ಮಿಲಿಮೋಲಿನ ಆಸುಪಾಸಿನಲ್ಲಿರಬೇಕು. ಎಂಟು ದಾಟಿದರೆ ಹೃದಯದ ತಾಳ ತಪ್ಪುತ್ತದೆ. ನಿಮಿಷಕ್ಕೆ 160ರಿಂದ 220 ಸಲ ಬಡಿಯುವ ಬೆಕ್ಕಿನ ಎದೆ ನೂರರ ಹತ್ತಿರ ಇಳಿಯುತ್ತದೆ, ಮೈ ತಣ್ಣಗಾಗುತ್ತದೆ. ಮೊದಲ ದಿನ ಕೂಗಾಡಿ ಮೂಲೆ ಮೂಲೆಗೆ ಓಡಾಡಿದ ಬೆಕ್ಕು ಎರಡನೆಯ ದಿನ ವಾಂತಿ ಮಾಡಿ ಒಂದು ಕಡೆ ಮುದುರಿ ಮಲಗುತ್ತದೆ. 'ಈಗ ಆರಾಮ ಐತಿ, ಮಲಗೇತಿ' ಎಂದು ಮನೆಯವರು ಅಂದುಕೊಳ್ಳುವುದು ಸರಿಯಾಗಿ ಆ ಹೊತ್ತಿನಲ್ಲೇ. ಪೂರ್ತಿ ಕಟ್ಟಿದ ಮೇಲೆ 24ರಿಂದ 48 ತಾಸಿನೊಳಗೆ ಜೀವ ಹೋಗಬಹುದು. ಚಿಕಿತ್ಸೆಗೆಂದು ಹೊರಟರೆ ಮುಗಳಖೋಡದಿಂದ ಬೆಳಗಾವಿ ಎರಡು ತಾಸಿಗೂ ಮೀರಿದ ಹಾದಿ. ಮನುಷ್ಯರ ಕಾಯಿಲೆಗೆ ಮಿರಜ್ ಹಾದಿ ಹಿಡಿದು ರೂಢಿಯಾದವರಿಗೆ ಆ ದೂರ ಹೆಚ್ಚೇನಲ್ಲ. ಅಷ್ಟು ದೂರ ಹೋಗಲೇಬೇಕಾದರೂ ಹೊರಡಬೇಕಾದದ್ದು ಮೊದಲ ಮುಂಜಾನೆ, ಮೂರನೆಯ ಸಂಜೆಯಲ್ಲ.

ಹಾಗಾದರೆ ಹರಳು? ಅದರ ಪರಿಚಯ ಈ ಸೀಮೆಯ ರೈತನಿಗೆ ಬೇರೆ ವೇಷದಲ್ಲಿ ಇದ್ದೇ ಇದೆ. ಬೆಕ್ಕಿನಲ್ಲಿ ಹೆಚ್ಚಾಗಿ ಕಾಣುವ ಸ್ಟ್ರುವೈಟ್ ಎಂಬ ಹರಳು ಮೆಗ್ನೀಸಿಯಂ ಅಮೋನಿಯಂ ಫಾಸ್ಫೇಟ್. ಕಬ್ಬಿಗೆ ಸುರಿಯುವ ಡಿಎಪಿ ಗೊಬ್ಬರದ ಹತ್ತಿರದ ನೆಂಟ. 1845ರಲ್ಲಿ ಜರ್ಮನಿಯ ಹ್ಯಾಂಬರ್ಗಿನಲ್ಲಿ ಇದನ್ನು ಗುರುತಿಸಿ ಹೆಸರಿಟ್ಟರು. ಈಗ ಕೆಲವು ದೇಶಗಳಲ್ಲಿ ಚರಂಡಿ ನೀರಿನಿಂದ ಇದನ್ನೇ ತೆಗೆದು ಗೊಬ್ಬರವಾಗಿ ಮಾರುತ್ತಾರೆ. ಸೂಕ್ಷ್ಮದರ್ಶಕದಡಿ ಅದು ಪೆಟ್ಟಿಗೆಯ ಮುಚ್ಚಳದಂತೆ ಇಳಿಜಾರು ಅಂಚಿನ ಚಂದದ ಹರಳು. ಅದು ಕಂಡಿತೆಂದರೆ ರೋಗ ಸಿಕ್ಕಿತು ಎಂದೇ ಎಲ್ಲರೂ ತಿಳಿಯುತ್ತಾರೆ, ಚೀಟಿಯಲ್ಲಿ 'ಹರಳು ಇದೆ' ಎಂದು ಬರೆದು ಬಂದರೆ ಸಾಕು. ಆದರೆ ಆರೋಗ್ಯವಾಗಿರುವ ಎಷ್ಟೋ ಬೆಕ್ಕುಗಳ ಮೂತ್ರದಲ್ಲಿ ಸ್ಟ್ರುವೈಟ್ ಇರುತ್ತದೆ, ಅವು ಬಾಳಿನುದ್ದಕ್ಕೂ ಕಟ್ಟದೆ ಇರುತ್ತವೆ. ಇನ್ನೊಂದು ತಮಾಷೆ: ಹಿಡಿದ ಮೂತ್ರವನ್ನು ಫ್ರಿಜ್ಜಿನಲ್ಲಿಟ್ಟರೆ, ತಾಸುಗಟ್ಟಲೆ ಬಿಟ್ಟರೆ, ಚೀಲದಲ್ಲಿ ಇಲ್ಲದಿದ್ದ ಹರಳು ಶೀಶೆಯಲ್ಲಿ ಹುಟ್ಟುತ್ತದೆ. ಊರಿನಿಂದ ಬಸ್ಸಿನಲ್ಲಿ ತಾಲ್ಲೂಕಿಗೆ ಒಯ್ದು, ಮನುಷ್ಯರ ಲ್ಯಾಬಿನಲ್ಲಿ ಸರದಿ ಕಾಯಿಸಿದ ಮಾದರಿಯಲ್ಲಿ ಹರಳು ಸಿಗದಿದ್ದರೇ ಆಶ್ಚರ್ಯ. ಅಂಥ ಚೀಟಿಯನ್ನು ನಂಬಿ ಆಹಾರ, ಔಷಧ ಬದಲಿಸುವುದು ಎಲೆ ಎಣಿಸಿ ಮರದ ವಯಸ್ಸು ಹೇಳಿದ ಹಾಗೆ.

ಹರಳನ್ನೇ ಶತ್ರು ಮಾಡಿಕೊಂಡರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಕಥೆ ಕಣ್ಣೆದುರಿಗಿದೆ. ಮೊದಲು ಆಹಾರದ ಬೂದಿಯ, ಅಂದರೆ ಒಟ್ಟು ಖನಿಜದ, ಅಂಶ ಕಾರಣ ಎಂದರು, ಆಮೇಲೆ ಮೆಗ್ನೀಸಿಯಂ ಎಂದರು. ಮೂತ್ರ ಹುಳಿಯಾಗಿದ್ದರೆ ಸ್ಟ್ರುವೈಟ್ ಕರಗುತ್ತದೆ ಎಂಬುದು ಖಚಿತವಾದ ಮೇಲೆ ಕಂಪನಿಗಳು ಮೆಗ್ನೀಸಿಯಂ ಇಳಿಸಿ ಮೂತ್ರವನ್ನು ಹುಳಿ ಮಾಡುವ ಆಹಾರ ತಯಾರಿಸಿದವು. ಕಾರ್ಲ್ ಆಸ್‌ಬಾರ್ನ್ ಎಂಬ ಪಶುವೈದ್ಯ 1981ರಲ್ಲಿ ಮಿನೆಸೋಟಾ ವಿಶ್ವವಿದ್ಯಾಲಯದಲ್ಲಿ ಕಲ್ಲು ಪರೀಕ್ಷಿಸುವ ಕೇಂದ್ರ ತೆರೆದಾಗ ಬೆಕ್ಕಿನಿಂದ ಬಂದ ಕಲ್ಲುಗಳಲ್ಲಿ ಮುಕ್ಕಾಲು ಪಾಲು ಸ್ಟ್ರುವೈಟ್, ಕ್ಯಾಲ್ಸಿಯಂ ಆಕ್ಸಲೇಟ್ ತೀರಾ ವಿರಳ. ಇಪ್ಪತ್ತು ವರ್ಷ ಕಳೆಯುವುದರೊಳಗೆ ಲೆಕ್ಕ ತಿರುಗಿತು. 2002ರ ಹೊತ್ತಿಗೆ ಅರ್ಧಕ್ಕಿಂತ ಹೆಚ್ಚು ಆಕ್ಸಲೇಟ್. ಸ್ಟ್ರುವೈಟ್ ಕಲ್ಲನ್ನು ಸರಿಯಾದ ಪಥ್ಯದಿಂದ ಎರಡು ನಾಲ್ಕು ವಾರದಲ್ಲಿ ಕರಗಿಸಬಹುದು. ಆಕ್ಸಲೇಟ್ ಯಾವ ಪಥ್ಯಕ್ಕೂ ಕರಗದು, ಚೀಲ ಕೊಯ್ದೇ ತೆಗೆಯಬೇಕು. ಪರ್ಷಿಯನ್ ತಳಿಗೆ ಆಕ್ಸಲೇಟಿನ ಕಾಟ ಹೆಚ್ಚು ಎಂಬುದೂ ಇದೇ ಅವಧಿಯಲ್ಲಿ ತಿಳಿದುಬಂದ ವಿಷಯ. ಆಹಾರವೊಂದೇ ಈ ತಿರುವಿಗೆ ಪೂರ್ತಿ ಕಾರಣ ಎಂದು ಸಾಧಿಸಲಾಗದಿದ್ದರೂ, ಒಂದು ಹರಳನ್ನು ಓಡಿಸಲು ಹೋಗಿ ಇನ್ನೊಂದಕ್ಕೆ ಬಾಗಿಲು ತೆರೆದದ್ದನ್ನು ಅಲ್ಲಗಳೆಯುವವರು ಕಡಿಮೆ. ಆದ್ದರಿಂದ ಯಾರೋ ಹೇಳಿದರೆಂದು ಮೂತ್ರ ಹುಳಿ ಮಾಡುವ ಮಾತ್ರೆಯನ್ನು ತಿಂಗಳುಗಟ್ಟಲೆ ನುಂಗಿಸುವುದು, ಕಲ್ಲು ಯಾವುದೆಂದು ನೋಡದೆ ಪಥ್ಯದ ದುಬಾರಿ ಪಾಕೀಟು ತರುವುದು, ಎರಡೂ ಕತ್ತಲಲ್ಲಿ ಕಲ್ಲು ಎಸೆದಂತೆ. ಈ ಎರಡೂ ಹರಳು ಹೆದರುವ ವಸ್ತು ಒಂದೇ ಇದೆ. ತೆಳು ಮೂತ್ರ. ಕರಗಿಸುವ ನೀರು ಹೆಚ್ಚಿದ್ದರೆ ಯಾವ ಲವಣವೂ ಗಟ್ಟಿಯಾಗುವುದು ಕಷ್ಟ. ಉಪ್ಪಿನ ನೀರು ಬತ್ತಿದಾಗ ಪಾತ್ರೆಯ ತಳದಲ್ಲಿ ಉಪ್ಪು ಕೂಡುವುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ನೀರು ಎಂದ ಕೂಡಲೇ ಈ ಭಾಗದಲ್ಲಿ ಏಳುವ ಮೊದಲ ಆಕ್ಷೇಪ ಬೋರ್‌ವೆಲ್ಲಿನದು. 'ನಮ್ಮ ಸವಳು ನೀರಿಗೆ ಕಾಯಿಲ್ ಪೈಪೇ ಕಟ್ಟತಾವು, ಬೆಕ್ಕಿನ ಪೈಪು ಕಟ್ಟದೇ ಇರತೈತೇನು?' ಕೇಳಲು ತರ್ಕ ಸರಿಯಾಗಿಯೇ ಇದೆ. ಲೆಕ್ಕ ಹಾಕಿ ನೋಡೋಣ. ಕುಡಿಯುವ ನೀರಿನ ಗಡಸುತನಕ್ಕೆ ಭಾರತೀಯ ಮಾನಕ ಬ್ಯೂರೋ ಬೇರೆ ದಾರಿಯಿಲ್ಲದಾಗ ಒಪ್ಪುವ ಮೇಲ್ಮಿತಿ ಲೀಟರಿಗೆ 600 ಮಿಲಿಗ್ರಾಂ. ಅಂಥ ಗಡಸು ನೀರನ್ನೇ ಬೆಕ್ಕು ದಿನಕ್ಕೆ 100 ಮಿಲಿಲೀಟರ್ ಕುಡಿಯಿತು ಎನ್ನಿ. ಆ ಗಡಸೆಲ್ಲ ಕ್ಯಾಲ್ಸಿಯಂನದೇ ಎಂದು ಹಿಡಿದರೂ ಹೊಟ್ಟೆಗೆ ಹೋಗುವುದು 24 ಮಿಲಿಗ್ರಾಂ. ಅದೇ ಬೆಕ್ಕು ತಿನ್ನುವ 60 ಗ್ರಾಂ ಒಣ ಆಹಾರದಲ್ಲಿ ಶೇ 1ರಷ್ಟು ಕ್ಯಾಲ್ಸಿಯಂ ಇದ್ದರೆ 600 ಮಿಲಿಗ್ರಾಂ ಆಯಿತು. ಬೆಟ್ಟದ ಪಕ್ಕದಲ್ಲಿ ಹುತ್ತ. ಮೆಗ್ನೀಸಿಯಂ ಲೆಕ್ಕದಲ್ಲಿ ನೀರಿನ ಪಾಲು ತುಸು ಹೆಚ್ಚಿದ್ದೀತು, ಆದರೂ ಆಹಾರದ ಮುಂದೆ ಸಣ್ಣದೇ. ಸವಳು ನೀರಿನ ತಪ್ಪು ಇರುವುದು ಅದರ ಖನಿಜದಲ್ಲಲ್ಲ, ರುಚಿಯಲ್ಲಿ. ಬಾಯಿಗೆ ಹಿಡಿಸದ ನೀರನ್ನು ಬೆಕ್ಕು ಮೂಸಿ ಬಿಡುತ್ತದೆ, ಬಾಯಾರಿದರೂ ತಡೆದುಕೊಂಡು ಕೂರುತ್ತದೆ. ಮನೆಯವರು ಕುಡಿಯಲು ಶುದ್ಧ ನೀರಿನ ಘಟಕದಿಂದ ಕ್ಯಾನಿನಲ್ಲಿ ತರುವ ನೀರಿನಲ್ಲೇ ಒಂದು ಬಟ್ಟಲು ಅದಕ್ಕೂ ಹಾಕಿದರೆ ತೀರಿತು. ಮನೆಗೆ ಸಾಫ್ಟ್‌ನರ್ ಕೂರಿಸುವ ಖರ್ಚು ಬೆಕ್ಕಿನ ಹೆಸರಿನಲ್ಲಂತೂ ಬೇಡ.

ಬೆಕ್ಕು ತಡೆದುಕೊಂಡು ಕೂರುವುದಕ್ಕೆ ಅದರ ವಂಶ ಕಾರಣ. ಮನೆಬೆಕ್ಕಿನ ಮೂಲ ಉತ್ತರ ಆಫ್ರಿಕ, ಪಶ್ಚಿಮ ಏಷ್ಯದ ಒಣ ನೆಲದ ಕಾಡುಬೆಕ್ಕು. ಹಿಡಿದು ತಿಂದ ಇಲಿಯಲ್ಲೇ ಹತ್ತಕ್ಕೆ ಏಳು ಪಾಲು ನೀರು ಇರುತ್ತಿದ್ದುದರಿಂದ ಹಳ್ಳ ಹುಡುಕುವ ಗರಜು ಅದಕ್ಕೆ ಬೀಳಲಿಲ್ಲ. ನೀರನ್ನು ಹಿಂಡಿ ಉಳಿಸಿಕೊಂಡು ಮೂತ್ರವನ್ನು ಗಟ್ಟಿ ಮಾಡುವ ಮೂತ್ರಪಿಂಡ ಬಂತು. ಆ ಪ್ರಾಣಿಗೆ ನಾವು ಈಗ ಹಾಕುವ ಒಣ ಆಹಾರದಲ್ಲಿ ನೀರು ಹತ್ತರಲ್ಲಿ ಒಂದು ಪಾಲು. 60 ಗ್ರಾಂ ತಿಂದರೆ ಆರು ಮಿಲಿಲೀಟರ್ ನೀರು ಸಿಕ್ಕಿತು. ಅಷ್ಟೇ ಶಕ್ತಿ ಕೊಡುವ ಹಸಿ ಆಹಾರದಲ್ಲಾದರೆ 180 ಮಿಲಿಲೀಟರಿನಷ್ಟು ನೀರು ತಾನಾಗಿ ಹೊಟ್ಟೆ ಸೇರುತ್ತಿತ್ತು. ಒಣದ್ದು ತಿಂದ ಬೆಕ್ಕು ಬಟ್ಟಲಿನಿಂದ ಹೆಚ್ಚು ಕುಡಿಯುತ್ತದೆ ನಿಜ, ಆದರೆ ಅಂತರವನ್ನು ತುಂಬುವಷ್ಟು ಕುಡಿಯುವುದಿಲ್ಲ. ಹಿಂದಿನ ಬೆಕ್ಕಿನ ಹಾಲು-ರೊಟ್ಟಿಯನ್ನು ಇಲ್ಲಿ ನೆನೆಯಬೇಕು. ಪೌಷ್ಟಿಕತೆಯಲ್ಲಿ ಅದು ಬಡ ಊಟ, ಆದರೆ ಹಾಲಿನಲ್ಲಿ ನೂರಕ್ಕೆ 87 ಪಾಲು ನೀರು. ಬಡ ಊಟವೂ ಹಸಿ ಊಟವಾಗಿತ್ತು.

ಹಾಗೆಂದು ಪಾಕೀಟನ್ನು ಖಳನಾಯಕ ಮಾಡಿ ಹಾಲು-ರೊಟ್ಟಿಗೆ ಮರಳಿ ಎಂದರೆ ಅದೂ ತಪ್ಪಾಗುತ್ತದೆ. ಒಣ ಆಹಾರ ತಿನ್ನುವ ಬೆಕ್ಕುಗಳಲ್ಲಿ ಬಹಳಷ್ಟು ಎಂದೂ ಕಟ್ಟುವುದಿಲ್ಲ. ಈ ಸೀಮೆಯ ಲಿಂಗಾಯತ, ಜೈನ ಮನೆಗಳಲ್ಲಿ ಮಾಂಸ ಒಳಗೆ ಬರುವುದಿಲ್ಲ. ಬೆಕ್ಕು ತನ್ನ ಮಾಂಸವನ್ನು ತಾನೇ ಹೊರಗೆ ಹಿಡಿದು ತಿನ್ನುತ್ತಿದ್ದ ಕಾಲಕ್ಕೆ ಆ ಒಪ್ಪಂದ ನಡೆಯಿತು. ಜಾಳಿಗೆಯ ಬಾಗಿಲೊಳಗೆ ಕೂಡಿಹಾಕಿದ ಮೇಲೆ ನಡೆಯದು. ಟಾರಿನ್ ಎಂಬ ಅಂಶ ಪ್ರಾಣಿಜನ್ಯ ಆಹಾರದಿಂದಲೇ ಅದಕ್ಕೆ ಸಿಗಬೇಕು, ರೊಟ್ಟಿಯಲ್ಲಿ ಅದಿಲ್ಲ, ಹಾಲಿನಲ್ಲಿ ಇರುವುದು ಸಾಲದು. ಅದಿಲ್ಲದೆ ಬೆಕ್ಕಿನ ಹೃದಯ ಸೊರಗುತ್ತದೆ ಎಂದು ಪಾಲ್ ಪಯನ್ ಮತ್ತು ಸಂಗಡಿಗರು 1987ರಲ್ಲಿ ತೋರಿಸಿಕೊಟ್ಟರು. ಮೇಲಾಗಿ ಧಾನ್ಯ ತಿಂದರೆ ಮೂತ್ರ ಕ್ಷಾರದ ಕಡೆ ವಾಲುತ್ತದೆ, ಸ್ಟ್ರುವೈಟಿಗೆ ಬೇಕಾದದ್ದೂ ಅದೇ. ಗೋವಿನಜೋಳ ತಿಂದ ಟಗರಿಗೂ ಈ ಕಥೆಯ ಒಂದು ಎಳೆ ಉಂಟು. ಆದ್ದರಿಂದ ಶಾಕಾಹಾರಿ ಮನೆಗೆ ಪಾಕೀಟಿನ ಆಹಾರ ಒಳ್ಳೆಯ ದಾರಿಯೇ, ಅದನ್ನು ಒಣದಾಗಿ ಹಾಕದಿದ್ದರೆ. ಒಂದು ಹಿಡಿಗೆ ಎರಡು ಪಾಲು ಉಗುರುಬೆಚ್ಚಗಿನ ನೀರು ಸುರಿದು ಕಾಲು ತಾಸು ನೆನೆಸಿ ಇಡಬಹುದು. ಬೇಡವೆಂದು ಮುಖ ಸಿಂಡರಿಸಿದರೆ ಮೊದಲ ವಾರ ಒಂದೊಂದು ಚಮಚದಂತೆ ನೀರು ಏರಿಸುತ್ತ ಹೋದರಾಯಿತು. ಏಪ್ರಿಲ್ ಬಿಸಿಲಲ್ಲಿ ನೆನೆದದ್ದು ಎರಡು ತಾಸಿಗೆ ಹಳಸುತ್ತದೆ, ಒಮ್ಮೆಗೆ ಸ್ವಲ್ಪವೇ ನೆನೆಸಬೇಕು. ಮಾಂಸ ಬೇಯಿಸುವ ಮನೆಯಲ್ಲಾದರೆ ಕೋಳಿ ಬೇಯಿಸಿದ ಸಪ್ಪೆ ನೀರು ಅಮೃತ. ಅದರಲ್ಲಿ ಉಳ್ಳಾಗಡ್ಡಿ, ಬಳ್ಳೊಳ್ಳಿ ಬಿದ್ದಿರಬಾರದು, ಅವು ಬೆಕ್ಕಿನ ರಕ್ತಕಣಗಳನ್ನು ಒಡೆಯುತ್ತವೆ.

ಮನೆಮದ್ದಿನ ಮಾತಿಗೆ ಬಂದರೆ ಜನರ ವಿಶ್ವಾಸವನ್ನು ಹಗುರ ಮಾಡಬೇಕಿಲ್ಲ. ಮನುಷ್ಯರಿಗೆ ಕಲ್ಲಾದಾಗ ಬಾಳೆದಿಂಡಿನ ರಸ, ಎಳನೀರು, ಹುರುಳಿ ಕಟ್ಟು ಕೊಟ್ಟು ಗುಣ ಕಂಡವರು ಬೆಕ್ಕಿಗೂ ಅದನ್ನೇ ಹನಿ ಹನಿ ಕುಡಿಸುತ್ತಾರೆ. ಆದರೆ ಕಟ್ಟಿದ ಬೆಕ್ಕಿನ ರಕ್ತದಲ್ಲಿ ವಿಷವಾಗಿರುವುದು ಯಾವುದು ಎಂದು ಮೇಲೆ ನೋಡಿದೆವು. ಎಳನೀರು, ಬಾಳೆದಿಂಡು ಎರಡೂ ಪೊಟ್ಯಾಸಿಯಂ ತುಂಬಿದ ವಸ್ತುಗಳು. ಮನುಷ್ಯನ ಒಂದು ಮೂತ್ರಪಿಂಡದ ದಾರಿಯಲ್ಲಿ ಕಲ್ಲು ಕೂತರೆ ಇನ್ನೊಂದು ಮೂತ್ರಪಿಂಡ ದುಡಿಯುತ್ತಿರುತ್ತದೆ, ಹೆಚ್ಚಿನ ಪೊಟ್ಯಾಸಿಯಂ ಹೊರಗೆ ಹೋಗುತ್ತದೆ. ಬೆಕ್ಕಿಗೆ ಕಟ್ಟಿರುವುದು ಎರಡು ಕಾಲುವೆಯೂ ಸೇರಿದ ಮೇಲಿನ ಒಂದೇ ತೂಬು. ಅಲ್ಲಿಗೆ ಮೂತ್ರ ಹೆಚ್ಚಿಸುವ ಯಾವುದನ್ನು ಕುಡಿಸಿದರೂ ತೂಬು ಮುಚ್ಚಿದ ಕೆರೆಗೆ ನೀರು ಬಿಟ್ಟಂತೆ. ಔಡಲೆಣ್ಣೆ ಹೊಟ್ಟೆ ಕೆಡಿಸಿ ಮೈಯ ನೀರು ಕಳೆಯುತ್ತದೆ. ಎಲ್ಲಕ್ಕಿಂತ ಕೆಟ್ಟದ್ದು ನೋವಿಗೆಂದು ಕೊಡುವ ಪ್ಯಾರಸಿಟಮಾಲ್. ಅದನ್ನು ಅರಗಿಸುವ ಶಕ್ತಿ ಬೆಕ್ಕಿನ ಯಕೃತ್ತಿಗಿಲ್ಲ, ಒಂದು ಮಾತ್ರೆ ಸಾಕು ಪ್ರಾಣ ತೆಗೆಯಲು. ವೈದ್ಯರ ಕಡೆಯ ಒಂದು ಅಭ್ಯಾಸಕ್ಕೂ ಇಲ್ಲಿ ಆಕ್ಷೇಪ ಎತ್ತಬೇಕು. ಹತ್ತು ವರ್ಷದೊಳಗಿನ ಬೆಕ್ಕುಗಳಲ್ಲಿ ಈ ತೊಂದರೆಗೆ ಬ್ಯಾಕ್ಟೀರಿಯಾ ಕಾರಣವಾಗುವುದು ವಿರಳ. ಆದರೂ ಆ್ಯಂಟಿಬಯೊಟಿಕ್ ಸೂಜಿ ಚುಚ್ಚಿ ಮನೆಗೆ ಕಳಿಸುವುದು ರೂಢಿ. ಸ್ವಲ್ಪ ಸ್ವಲ್ಪ ಉಚ್ಚಿ ಬರುತ್ತಿದ್ದ ಬೆಕ್ಕು ನಾಲ್ಕೈದು ದಿನಕ್ಕೆ ತಾನಾಗಿ ಸರಿಹೋಗುವುದುಂಟು, ಹೆಸರು ಸೂಜಿಗೆ ಬರುತ್ತದೆ. ಪೂರ್ತಿ ಕಟ್ಟಿದ ಬೆಕ್ಕಿಗೆ ಆ ಸೂಜಿಯಿಂದ ಸಿಗುವುದು ಒಂದು ದಿನದ ತಡ.

ದವಾಖಾನೆಯಲ್ಲಿ ಆಗಬೇಕಾದದ್ದೇನು? ಎದೆಬಡಿತ ಇಳಿದಿದ್ದರೆ ಮೊದಲು ಕ್ಯಾಲ್ಸಿಯಂ ಗ್ಲುಕೊನೇಟ್, ರಕ್ತನಾಳಕ್ಕೆ ಸಲೈನ್. ಹಸು ಕರು ಹಾಕಿ ನೆಲ ಹಿಡಿದಾಗ ಏರಿಸುವ ಕ್ಯಾಲ್ಸಿಯಂ ಈ ಭಾಗದ ವೈದ್ಯರ ಕೈಗೆ ದಿನನಿತ್ಯದ್ದು. ಇಲ್ಲಿ ಬೇಕಾಗುವುದು ಅದರ ಕೆಲವೇ ಮಿಲಿಲೀಟರ್, ಅದೂ ನಿಧಾನವಾಗಿ. ಆಮೇಲೆ ಮತ್ತು ಬರಿಸಿ, ಒಂದು ಮಿಲಿಮೀಟರಿಗಿಂತ ತುಸುವೇ ದಪ್ಪದ ಕ್ಯಾತಿಟರ್ ತೂರಿಸಿ, ಸಲೈನ್ ಚಿಮ್ಮಿಸಿ ಬೆಣೆಯನ್ನು ಹಿಂದಕ್ಕೆ ತಳ್ಳಬೇಕು. ಕೆಂಪು ಬೆರೆತ ಮೂತ್ರ ಟ್ರೇಗೆ ಸುರಿಯತೊಡಗಿದಾಗ ಅರ್ಧ ಕೆಲಸವಷ್ಟೇ ಮುಗಿದಿರುತ್ತದೆ. ಒತ್ತಡ ಬಿಟ್ಟ ಮೂತ್ರಪಿಂಡ ಮುಂದಿನ ಒಂದೆರಡು ದಿನ ಹೊಳೆಯಂತೆ ನೀರು ಹರಿಸುತ್ತದೆ, ಅಷ್ಟನ್ನೂ ಸಲೈನಿನಲ್ಲಿ ತುಂಬಿಕೊಡದಿದ್ದರೆ ಬಿಡಿಸಿದ ಬೆಕ್ಕೂ ಸಾಯುತ್ತದೆ. ಆದ್ದರಿಂದ ಕ್ಯಾತಿಟರ್ ಒಂದೆರಡು ದಿನ ಒಳಗೇ ಇರಬೇಕು, ಬೆಕ್ಕು ದವಾಖಾನೆಯಲ್ಲೇ ಇರಬೇಕು. ಹಳ್ಳಿಯ ಪಶು ಚಿಕಿತ್ಸಾಲಯದಲ್ಲಿ ಈ ಸವಲತ್ತು ಎಲ್ಲಿದೆ ಎಂಬ ಪ್ರಶ್ನೆ ನ್ಯಾಯವಾದದ್ದೇ. 1962 ಸಂಖ್ಯೆಯ ಪಶು ಸಹಾಯವಾಣಿ, ಸಂಚಾರಿ ವಾಹನಗಳು ದನಕರುಗಳನ್ನು ಮನಸ್ಸಿನಲ್ಲಿಟ್ಟು ರೂಪಿಸಿದವು. ಅಥಣಿ ತಾಲ್ಲೂಕಿನ ಕೊಕಟನೂರಿನಲ್ಲಿ ಪಶುವೈದ್ಯಕೀಯ ಕಾಲೇಜು ಬಂದಿರುವುದರಿಂದ ಮುಂದಿನ ದಿನಗಳಲ್ಲಿ ಹಾದಿ ಗಿಡ್ಡವಾಗಬಹುದು. ಆದರೆ ಉಚ್ಚಿ ಕಟ್ಟಿದ ಟಗರನ್ನು ಬಿಡಿಸಿ ಗೊತ್ತಿರುವ ವೈದ್ಯರಿಗೆ ಬೆಕ್ಕಿನದು ಅಪರಿಚಿತ ರೋಗವಲ್ಲ, ಅಳತೆ ಸಣ್ಣದು ಅಷ್ಟೇ.

'ಒಂದು ಬೆಕ್ಕಿಗೆ ಇಷ್ಟೆಲ್ಲ ಖರ್ಚು ಯಾಕ್ರೀ?' ಈ ಪ್ರಶ್ನೆಯನ್ನು ನಿಷ್ಕರುಣೆ ಎಂದು ಬದಿಗಿಡುವುದು ಸುಲಭ, ಆದರೆ ಕಬ್ಬಿನ ಬಿಲ್ಲು ಬರುವುದನ್ನು ಕಾಯುತ್ತಿರುವ ಮನೆಗೆ ಅದು ನಿಜವಾದ ಪ್ರಶ್ನೆ. ಇದಕ್ಕೆ ಒಂದು ಉಪಯುಕ್ತ ಉತ್ತರ ಬಂದದ್ದು ಓಹಾಯೊ ಸ್ಟೇಟ್ ವಿಶ್ವವಿದ್ಯಾಲಯದಿಂದ. ದುಡ್ಡಿಲ್ಲದೆ ದಯಾಮರಣದ ಅಂಚಿಗೆ ಬಂದಿದ್ದ 15 ಗಂಡು ಬೆಕ್ಕುಗಳಿಗೆ ಎಡ್ವರ್ಡ್ ಕೂಪರ್ ಮತ್ತು ಸಂಗಡಿಗರು ಕ್ಯಾತಿಟರ್ ಹಾಕದೆಯೇ ಚಿಕಿತ್ಸೆ ಮಾಡಿ 2010ರಲ್ಲಿ ಫಲಿತಾಂಶ ಪ್ರಕಟಿಸಿದರು. ನೋವು ಇಳಿಸುವ, ಸೆಟೆದ ಸ್ನಾಯು ಸಡಿಲಿಸುವ ಔಷಧ, ಬೇಕಾದಾಗ ಹೊಟ್ಟೆಯ ಮೂಲಕ ಸಣ್ಣ ಸೂಜಿ ತೂರಿಸಿ ಚೀಲ ಬರಿದು ಮಾಡುವುದು, ಉಳಿದಂತೆ ಕತ್ತಲೆಯ, ಸದ್ದಿಲ್ಲದ ಕೋಣೆ. 15ರಲ್ಲಿ 11 ಬೆಕ್ಕು ಮೂರು ದಿನದೊಳಗೆ ತಾವಾಗಿ ಉಚ್ಚಿ ಹೊಯ್ದವು. ರಕ್ತ ತೀರಾ ಕೆಟ್ಟಿರದ, ಕಲ್ಲು ಅಡ್ಡವಿಲ್ಲದ ಬೆಕ್ಕಿಗೆ ಮಾತ್ರ ಇದು. ಸೂಜಿ ಹಾಕುವ ಕೈ ವೈದ್ಯರದೇ ಆಗಿರಬೇಕು. ಆದರೂ ಸಲಕರಣೆ ಕಡಿಮೆ ಇರುವ ಊರಿನ ವೈದ್ಯರಿಗೆ ಇದು ದೊಡ್ಡ ಆಸರೆ. ಗಮನಿಸಬೇಕಾದದ್ದೆಂದರೆ, ಈ ಅಗ್ಗದ ದಾರಿ ತೆರೆದಿರುವುದು ಬೇಗ ಬಂದವರಿಗೆ. ತಡವಾದಷ್ಟೂ ಬಿಲ್ಲು ಬೆಳೆಯುತ್ತದೆ.

ಅದೇ ವಿಶ್ವವಿದ್ಯಾಲಯದ ಟೋನಿ ಬಫಿಂಗ್ಟನ್ ಇನ್ನೊಂದು ದಿಕ್ಕು ತೋರಿಸಿದರು. ಕಲ್ಲೂ ಇಲ್ಲದ, ಸೋಂಕೂ ಇಲ್ಲದ ಮೂತ್ರಚೀಲದ ಉರಿಗೂ (ಬೆಕ್ಕಿನ ಮೂತ್ರದ ತೊಂದರೆಗಳಲ್ಲಿ ಇಂಥವೇ ಅರ್ಧಕ್ಕಿಂತ ಹೆಚ್ಚು) ಬೆಕ್ಕಿನ ಮನಸ್ಸಿನ ಒತ್ತಡಕ್ಕೂ ನಂಟಿದೆ ಎಂದರು. 2006ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ 46 ಬೆಕ್ಕುಗಳ ಮನೆಯ ವ್ಯವಸ್ಥೆಯನ್ನಷ್ಟೇ ತಿದ್ದಿದಾಗ ತೊಂದರೆ ಕಡಿಮೆಯಾಯಿತು. ಹೋಲಿಸಿ ನೋಡಲು ಬೇರೆ ಗುಂಪು ಇರಲಿಲ್ಲ ಎಂಬುದು ಅದರ ಕೊರತೆ. 'ಬೆಕ್ಕಿಗೂ ಟೆನ್ಶನ್ನಾ' ಎಂದು ನಗುವವರು, ಮುಗಳಖೋಡದ ಯಲ್ಲಾಲಿಂಗ ಮಠದ ಜಾತ್ರೆಗೆ ಮನೆ ತುಂಬ ಬೀಗರು ಬಂದಾಗ, ದೀಪಾವಳಿಯ ಪಟಾಕಿಗೆ, ಬೆಕ್ಕು ಅಟ್ಟ ಸೇರಿ ಎರಡು ದಿನ ಇಳಿಯದಿರುವುದನ್ನು ನೋಡಿರುತ್ತಾರೆ. ಅಟ್ಟದಲ್ಲಿ ನೀರಿಲ್ಲ, ಉಚ್ಚಿಗೆ ಮಣ್ಣೂ ಇಲ್ಲ. ಜಾತ್ರೆ ನಿಲ್ಲಿಸಬೇಕಿಲ್ಲ, ಅಟ್ಟಕ್ಕೊಂದು ಬಟ್ಟಲು ನೀರು, ಒಂದು ಬುಟ್ಟಿ ಮರಳು ಏರಿಸಿದರೆ ಆದೀತು.

ಬಿಡಿಸಿಕೊಂಡು ಮನೆಗೆ ತಂದ ಮೇಲಿನ ಮೊದಲ ವಾರವೇ ನಾಜೂಕಿನದು, ಮತ್ತೆ ಕಟ್ಟುವ ಬೆಕ್ಕುಗಳಲ್ಲಿ ಬಹಳಷ್ಟು ಆಗಲೇ ಕಟ್ಟುತ್ತವೆ. ಪದೇ ಪದೇ ಕಟ್ಟಿದರೆ ನಾಳದ ಸಣ್ಣ ತುದಿಯನ್ನು ತೆಗೆದು ಅಗಲದ ಭಾಗವನ್ನೇ ಹೊರಗೆ ತೆರೆಯುವ ಶಸ್ತ್ರಚಿಕಿತ್ಸೆ ಇದೆ. ಅದು ಕಟ್ಟುವುದನ್ನು ತಡೆದೀತು, ಒಳಗಿನ ಉರಿಯನ್ನಲ್ಲ. ಆ ವಾರ ಬೆಕ್ಕನ್ನು ಹೊರಗೆ ಬಿಡದೆ ಒಂದು ಕೋಣೆಯಲ್ಲಿಟ್ಟು, ಅಗಲದ ಬುಟ್ಟಿಯಲ್ಲಿ ಜರಡಿ ಹಿಡಿದ ಒಣ ಮರಳು ಇಡಬೇಕು. ಒಣ ಮರಳಿನಲ್ಲಿ ಉಚ್ಚಿ ಬಿದ್ದಲ್ಲಿ ಹೆಂಟೆ ಕಟ್ಟುತ್ತದೆ. ಮುಂಜಾನೆ ಬುಟ್ಟಿ ಕೆದಕಿದಾಗ ನಿಂಬೆಹಣ್ಣಿನ ಗಾತ್ರದ ಎರಡು ಮೂರು ಹೆಂಟೆ ಸಿಕ್ಕರೆ ದಾರಿ ತೆರೆದಿದೆ. ಕಡಲೆ ಗಾತ್ರದ ಹತ್ತಾರು ಚುಕ್ಕೆ ಇದ್ದರೆ ಬೆಕ್ಕು ರಾತ್ರಿಯಿಡೀ ತಿಣುಕಿದೆ, ಆವತ್ತೇ ತೋರಿಸಬೇಕು. ಏನೂ ಇಲ್ಲದಿದ್ದರೆ ಬೆಕ್ಕನ್ನು ಹಳೆಯ ಟವೆಲ್ಲಿನಲ್ಲಿ ಸುತ್ತಿ ಬುಟ್ಟಿಗೆ ಹಾಕಿ, ಡಾಕ್ಟರಿಗೆ ಫೋನು ಮಾಡುತ್ತಲೇ ಗಾಡಿ ಹತ್ತಬೇಕು. ಆ ಕಡೆಯಿಂದ ಮೊದಲು ಕೇಳುವ ಪ್ರಶ್ನೆ ಕೊನೆಯ ಸಲ ಉಚ್ಚಿ ಹೊಯ್ದದ್ದು ಎಷ್ಟು ಹೊತ್ತಿಗೆ ಎಂಬುದು. ಉತ್ತರ ಮರಳಿನ ಬುಟ್ಟಿ ನೋಡಿದವರ ಹತ್ತಿರ ಇರುತ್ತದೆ.